ಮುಖವಾಡದ ಒಳಗೆ ಯಾರು?

(ಸಿನಿಮಾ ಮತ್ತು ಕಿರುತೆರೆ ಆಸಕ್ತರ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ.)

ಮಕ್ಕಳ ಧಾರಾವಾಹಿಯೊಂದರ ಬಗ್ಗೆ ದೊಡ್ಡವರ ಸಭೆಯಲ್ಲಿ ಮಾತಾಡಲು ನಿಂತಾಗ ಕೊಂಚ ಸಂಕೋಚವಾಗುತ್ತದೆ. ಅದೂ ‘ಪವರ್ ರೇಂಜರ್ಸ್’ನಂಥ ಧಾರಾವಾಹಿ. ಐವರು ಹದಿಹರೆಯದವರು ಬಣ್ಣಬಣ್ಣದ ಉಡುಪು ತೊಟ್ಟು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ರಬ್ಬರ್ ರಾಕ್ಷಸರನ್ನು ಬಡಿಯುವ ಕಥೆ. ಇದರಲ್ಲಿ ವಿಚಾರ ಮಾಡುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಕಥೆಯಲ್ಲಿ ಹೆಚ್ಚೇನಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಆ ಕಥೆಯನ್ನು ತಯಾರಿಸಿದ ರೀತಿಯಲ್ಲಿ ಬಹಳಷ್ಟಿದೆ.

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ತೆರೆಯ ಮೇಲೆ ಕೆಂಪು ಉಡುಪಿನ ವೀರ ಎಗರಿ ಒದೆಯುತ್ತಾನೆ. ಮಗು ನೋಡುತ್ತಿರುವುದು ಯಾರನ್ನು? ‘ಜೇಸನ್‌ನನ್ನು’ ಎನ್ನುತ್ತದೆ ಮಗು. ನಿಜವೆಂದರೆ, ಆ ಒಬ್ಬ ವೀರನಲ್ಲಿ ಬೇರೆ ಬೇರೆ ಜನ ಸೇರಿಕೊಂಡಿದ್ದಾರೆ. ಹೆಲ್ಮೆಟ್ ಇಲ್ಲದಾಗ ಕಾಣುವ ಮುಖ ಅಮೆರಿಕದ ನಟನದು. ಒದೆಯುವ ಕಾಲು ಹೆಚ್ಚಿನ ಸಲ ಜಪಾನಿನ ಸಾಹಸ ಕಲಾವಿದನದು. ಅಮೆರಿಕದಲ್ಲೇ ಚಿತ್ರಿಸಿದ ಹೊಡೆದಾಟವಾದರೆ ಅದು ಅಲ್ಲಿನ ಡ್ಯೂಪ್ ಕಲಾವಿದನದು. ಇವರಿಗೆಲ್ಲ ಸಿಕ್ಕಿದ್ದೇನು, ಲಾಭ ಯಾರಿಗೆ ಹೋಯಿತು ಎಂಬುದೇ ಇಂದಿನ ನನ್ನ ವಿಷಯ.

ಜಪಾನಿನ ಬೇರು

ಅಮೆರಿಕದ ಧಾರಾವಾಹಿ ಎಂದು ಜಗತ್ತು ತಿಳಿದಿರುವ ಇದರ ಬೇರು ಇರುವುದು ಜಪಾನಿನಲ್ಲಿ. 1975ರಲ್ಲಿ ಟೊಯೇಯ್ ಎಂಬ ಚಿತ್ರ ಸಂಸ್ಥೆ ‘ಗೋರೇಂಜರ್’ ಎಂಬ ಮಕ್ಕಳ ಧಾರಾವಾಹಿ ತಯಾರಿಸಿತು. ಕಲ್ಪನೆ ಶೋತಾರೋ ಇಷಿನೊಮೊರಿ ಎಂಬ ಪ್ರಸಿದ್ಧ ಚಿತ್ರಕಥಾ ಕಲಾವಿದರದು. ಐವರು ವೀರರು, ಐದು ಬಣ್ಣ. ಮುಂದೆ ‘ಸೂಪರ್ ಸೆಂಟಾಯ್’ ಎಂದು ಹೆಸರಾದ ಸರಣಿಗೆ ಇದೇ ಮೊದಲು. 1978ರಲ್ಲಿ ಇದೇ ಟೊಯೇಯ್ ಅಮೆರಿಕದ ‘ಸ್ಪೈಡರ್‌ಮ್ಯಾನ್’ ಪಾತ್ರವನ್ನು ಪಡೆದು ಜಪಾನೀ ಧಾರಾವಾಹಿ ಮಾಡಿದಾಗ, ಜೇಡ ಮನುಷ್ಯನಿಗೆ ಒಂದು ದೈತ್ಯ ಯಂತ್ರಮಾನವನನ್ನೂ ಕೊಟ್ಟಿತು. ಮರುವರ್ಷದ ಸೆಂಟಾಯ್ ಧಾರಾವಾಹಿಗೂ ಅಂಥದ್ದೇ ಯಂತ್ರ ಬಂತು. ಅಂಗಡಿಯಲ್ಲಿ ಅದರ ಆಟಿಕೆ ಮಾರಾಟಕ್ಕೆ ಸಿದ್ಧವಾಯಿತು. ಅಲ್ಲಿಂದಾಚೆಗೆ ಈ ಧಾರಾವಾಹಿ ಮತ್ತು ಬಂದಾಯ್ ಕಂಪೆನಿಯ ಆಟಿಕೆ ಒಂದೇ ಬಂಡಿಯ ಎರಡು ಗಾಲಿಗಳಾದವು. ಹೊಸ ಧಾರಾವಾಹಿ ಎಂದರೆ ಹೊಸ ಉಡುಪು, ಹೊಸ ಯಂತ್ರ, ಹೊಸ ಆಟಿಕೆ.

ಜಪಾನಿನಲ್ಲಿ ಒಂದು ಪದ್ಧತಿ ಬೆಳೆಯಿತು. ಮುಖ ತೋರಿಸುವ ನಟ ಬೇರೆ, ಹೆಲ್ಮೆಟ್ ಹಾಕಿ ಹೊಡೆದಾಡುವ ನಟ ಬೇರೆ. ಎರಡನೆಯವರನ್ನು ಅಲ್ಲಿ ‘ಸೂಟ್ ಆಕ್ಟರ್’ ಎನ್ನುತ್ತಾರೆ. ಮುಖ ಕಾಣದಿರುವುದರಿಂದ ಕೋಪ, ಅಳು, ಅಚ್ಚರಿ ಎಲ್ಲವನ್ನೂ ತಲೆಯಾಡಿಸಿ, ಕೈ ಬೀಸಿಯೇ ಹೇಳಬೇಕು. ಮಾತಾಡುವವನು ಯಾರೆಂದು ತಿಳಿಯಲು ಪ್ರತಿ ಮಾತಿಗೂ ಮೈ ಕುಲುಕಬೇಕು. ನಮ್ಮ ಯಕ್ಷಗಾನದ ಬಣ್ಣದ ವೇಷ ನೆನಪಾಗಬಹುದು. ಆದರೆ ಅಲ್ಲಿ ಬಣ್ಣ ಎಷ್ಟೇ ದಪ್ಪವಿದ್ದರೂ ಹೆಜ್ಜೆ ನೋಡಿಯೇ ಇಂಥ ಕಲಾವಿದ ಎಂದು ಪ್ರೇಕ್ಷಕ ಗುರುತು ಹಿಡಿಯುತ್ತಾನೆ. ಮೆಚ್ಚಿದರೆ ಹೆಸರು ಹಿಡಿದೇ ಹೊಗಳುತ್ತಾನೆ. ಅಮೆರಿಕದ ಮಗುವಿಗೆ ಜಪಾನಿನ ಆ ಕಲಾವಿದನ ಹೆಸರು ತಿಳಿಯುವ ದಾರಿಯೇ ಇರಲಿಲ್ಲ.

ಹೋಟೆಲ್ ಕೋಣೆಯಲ್ಲಿ ಹೊಳೆದ ಉಪಾಯ

ಈಜಿಪ್ಟಿನಲ್ಲಿ ಹುಟ್ಟಿ, ಇಸ್ರೇಲಿನಲ್ಲಿ ಬೆಳೆದು, ಫ್ರಾನ್ಸಿನಲ್ಲಿ ಸಂಗೀತದ ವ್ಯಾಪಾರ ಮಾಡಿ ಅಮೆರಿಕ ಸೇರಿದವರು ಹೈಮ್ ಸಬಾನ್. ಜೊತೆಗಾರ ಶುಕಿ ಲೆವಿಯೊಡನೆ ಕಾರ್ಟೂನುಗಳಿಗೆ ಸಂಗೀತ ಒದಗಿಸುತ್ತಿದ್ದರು. ಎಂಬತ್ತರ ದಶಕದಲ್ಲಿ ಜಪಾನಿಗೆ ಹೋಗಿದ್ದಾಗ ಹೋಟೆಲ್ ಕೋಣೆಯ ಟಿ.ವಿ.ಯಲ್ಲಿ ಸೆಂಟಾಯ್ ನೋಡಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅವರ ವ್ಯಾಪಾರಿ ಕಣ್ಣಿಗೆ ಹೊಳೆದದ್ದು ಇಷ್ಟು: ಹೊಡೆದಾಟ, ಯಂತ್ರ, ಸ್ಫೋಟ, ಇವು ಖರ್ಚಿನ ಬಾಬತ್ತು. ಅವನ್ನು ಜಪಾನಿನವರು ಆಗಲೇ ಚಿತ್ರಿಸಿ ಇಟ್ಟಿದ್ದಾರೆ. ಅವುಗಳಲ್ಲೆಲ್ಲ ಮುಖ ಮುಚ್ಚಿದೆ. ಹಾಗಾದರೆ ಮುಖದ ಭಾಗವನ್ನಷ್ಟೇ ಅಮೆರಿಕದಲ್ಲಿ ಚಿತ್ರಿಸಿ ಜೋಡಿಸಿದರಾಯಿತು!

ಉಪಾಯ ಸುಲಭವಾಗಿತ್ತು, ಕೊಳ್ಳುವವರು ಸಿಗಲಿಲ್ಲ. 1986ರಲ್ಲಿ ‘ಬಯೋ-ಮ್ಯಾನ್’ ಎಂಬ ಹೆಸರಿನಲ್ಲಿ ಮಾದರಿ ಕಂತು ಮಾಡಿ ತೋರಿಸಿದರು. ಯಾರೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಫಾಕ್ಸ್ ವಾಹಿನಿಯ ಮಕ್ಕಳ ವಿಭಾಗದ ಮುಖ್ಯಸ್ಥೆ ಮಾರ್ಗರೆಟ್ ಲೋಶ್ ಒಪ್ಪಿದರು. ಆಕೆಗೆ ಈ ಜಾತಿಯ ಧಾರಾವಾಹಿ ಹೊಸದಾಗಿರಲಿಲ್ಲ. ಹಿಂದೆ ಮಾರ್ವೆಲ್ ಸಂಸ್ಥೆಯಲ್ಲಿದ್ದಾಗ ಸ್ಟ್ಯಾನ್ ಲೀ ಜೊತೆ ಸೇರಿ ಇಂಥದ್ದೇ ಒಂದನ್ನು ಅಮೆರಿಕದ ವಾಹಿನಿಗಳಿಗೆ ಮಾರಲು ಹೋಗಿ ಸೋತಿದ್ದರು. 1993ರ ಆಗಸ್ಟ್ 28ರಂದು ‘ಮೈಟಿ ಮಾರ್ಫಿನ್ ಪವರ್ ರೇಂಜರ್ಸ್’ ಮೊದಲ ಸಲ ಪ್ರಸಾರವಾಯಿತು. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಅದರ ಗೊಂಬೆಗಳಿಗಾಗಿ ಅಪ್ಪ-ಅಮ್ಮಂದಿರು ಅಂಗಡಿಯಿಂದ ಅಂಗಡಿಗೆ ಅಲೆದರು. ಬೇಡಿಕೆಯಷ್ಟು ಗೊಂಬೆ ಇರಲಿಲ್ಲ.

ಅರ್ಧ ಡಬ್ಬಿಂಗ್, ಅರ್ಧ ರೀಮೇಕ್

ಡಬ್ಬಿಂಗ್ ಬೇಕೆ ಬೇಡವೆ ಎಂದು ನಮ್ಮ ಕನ್ನಡ ಚಿತ್ರರಂಗದಲ್ಲಿ ದಶಕಗಳ ಕಾಲ ವಾದ ನಡೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್‌ಗೆ ಅಡ್ಡಿ ಮಾಡುವುದು ತಪ್ಪೆಂದು ಆದೇಶಿಸಿತು. ಡಬ್ಬಿಂಗ್ ಬಂದರೆ ಇಲ್ಲಿನ ಕಲಾವಿದರ, ತಂತ್ರಜ್ಞರ ಹೊಟ್ಟೆಯ ಮೇಲೆ ಹೊಡೆತ ಎಂಬುದು ವಿರೋಧಿಗಳ ಮುಖ್ಯ ವಾದವಾಗಿತ್ತು. ರೀಮೇಕ್ ಆದರೆ ಪರವಾಗಿಲ್ಲ, ನಾಲ್ಕು ಜನಕ್ಕೆ ಕೆಲಸವಾದರೂ ಸಿಗುತ್ತದೆ ಎನ್ನುತ್ತಿದ್ದರು. ಸಬಾನ್ ಮಾಡಿದ್ದು ಈ ಎರಡರ ಬೆರಕೆ. ಸುಮಾರು 20 ನಿಮಿಷದ ಕಂತಿನಲ್ಲಿ ಹೊಡೆದಾಟದ ಭಾಗ ಹೆಚ್ಚಾಗಿ ಡಬ್ಬಿಂಗ್. ಶಾಲೆ, ವ್ಯಾಯಾಮಶಾಲೆ, ತುಂಟ ಹುಡುಗರಾದ ಬಲ್ಕ್ ಮತ್ತು ಸ್ಕಲ್ ಇವರ ಹಾಸ್ಯ, ಇವೆಲ್ಲ ರೀಮೇಕ್.

ಮೊದಲ ವರ್ಷಕ್ಕೆ ಬಳಸಿದ್ದು 1992-93ರಲ್ಲಿ ಜಪಾನಿನಲ್ಲಿ 50 ಕಂತು ಓಡಿದ ‘ಜುರೇಂಜರ್’ ಧಾರಾವಾಹಿಯನ್ನು. ಅದರ ಮೂಲ ಕಥೆಯಲ್ಲಿ ಐವರೂ ಡೈನೋಸಾರ್ ಕಾಲದ ಕುಲಗಳ ವೀರರು, ಯುಗಯುಗಗಳ ನಿದ್ದೆಯಿಂದ ಎದ್ದು ಬಂದವರು. ಅಮೆರಿಕದಲ್ಲಿ ಅವರು ಏಂಜಲ್ ಗ್ರೋವ್ ಎಂಬ ಕಲ್ಪಿತ ಊರಿನ ಹೈಸ್ಕೂಲು ವಿದ್ಯಾರ್ಥಿಗಳು. ಬರಹಗಾರರ ಕೆಲಸವೇ ತಲೆಕೆಳಗಾಗಿತ್ತು. ಸಾಮಾನ್ಯವಾಗಿ ಕಥೆ ಬರೆದ ಮೇಲೆ ಹೊಡೆದಾಟ ಚಿತ್ರಿಸುತ್ತಾರೆ. ಇಲ್ಲಿ ಕೈಯಲ್ಲಿರುವ ಹೊಡೆದಾಟವನ್ನು ನೋಡಿ, ಅಲ್ಲಿಗೆ ಮುಟ್ಟುವ ಹಾಗೆ ಕಥೆ ಹೊಸೆಯಬೇಕು.

ಈ ಹೊಲಿಗೆಯ ದಾರ ಅಲ್ಲಲ್ಲಿ ಎದ್ದು ಕಾಣುತ್ತದೆ. ಗುಲಾಬಿ ವೀರೆಯ ಉಡುಪಿಗೆ ಸಣ್ಣ ಲಂಗವಿದೆ, ಹಳದಿ ವೀರೆಗೆ ಇಲ್ಲ. ಯಾಕೆಂದರೆ ಜಪಾನಿನಲ್ಲಿ ಹಳದಿ ಉಡುಪಿನವನು ಗಂಡು ಹುಡುಗ. ಅಮೆರಿಕದವರಿಗೆ ಇಬ್ಬರು ಹುಡುಗಿಯರು ಬೇಕಾಗಿದ್ದರಿಂದ ಅವನನ್ನು ‘ಟ್ರಿನಿ’ ಎಂಬ ಹುಡುಗಿಯಾಗಿ ಮಾಡಿದರು. ಮಾಟಗಾತಿ ರೀಟಾ ಇನ್ನೊಂದು ಉದಾಹರಣೆ. ಆಕೆಗೆ ಹೆಲ್ಮೆಟ್ ಇಲ್ಲ, ಮುಖ ಕಾಣುತ್ತದೆ. ಅದು ಜಪಾನಿನ ಹಿರಿಯ ನಟಿ ಮಚಿಕೊ ಸೋಗಾ ಅವರ ಮುಖ, ಅಮೆರಿಕದ ಬಾರ್ಬರಾ ಗುಡ್ಸನ್ ಅವರ ದನಿ. ಹೊಸ ದೃಶ್ಯಗಳು ಬೇಕಾದಾಗ ಕಾರ್ಲಾ ಪೆರೆಜ್ ಎಂಬ ಮೂರನೆಯ ನಟಿ ಅದೇ ವೇಷ ತೊಟ್ಟರು. ದನಿ ಮಾತ್ರ ಗುಡ್ಸನ್ ಅವರದೇ. ಗಾಜಿನ ಕೊಳವೆಯಲ್ಲಿ ತೇಲುವ ಗುರು ಜೋರ್ಡನ್‌ನ ಮುಖವನ್ನು ಡೇವಿಡ್ ಫೀಲ್ಡಿಂಗ್ ಎಂಬ ನಟನಿಂದ ಆರಂಭದಲ್ಲಿ ಚಿತ್ರಿಸಿಕೊಂಡು ಅದನ್ನೇ ಮತ್ತೆ ಮತ್ತೆ ಬಳಸಿದರು. ದನಿಯನ್ನು ಮುಂದೆ ಬೇರೊಬ್ಬರು ಕೊಟ್ಟರು.

ಒಟ್ಟಿನಲ್ಲಿ ಮುಖ, ಮೈ, ದನಿ ಈ ಮೂರನ್ನೂ ಬಿಡಿಬಿಡಿಯಾಗಿ ಕೊಂಡು ಜೋಡಿಸುವ ವಿದ್ಯೆ ಇಲ್ಲಿ ಕೈಗೂಡಿತ್ತು. ಈ ಮಾತನ್ನು ದಯವಿಟ್ಟು ನೆನಪಿಡಿ. ಮುಂದೆ ನಟರಿಗೆ ಮುಳುವಾದದ್ದು ಇದೇ ವಿದ್ಯೆ.

ಪಾತ್ರಕ್ಕೆ ಸಿಕ್ಕವರು

ಹೆಸರಾಂತ ನಟರನ್ನು ಕರೆಯುವಷ್ಟು ಹಣ ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಬೇಕಾಗಿದ್ದವರು ಚುರುಕಾದ ಮೈಕಟ್ಟಿನ ಹೊಸ ಮುಖಗಳು. ಕೆಂಪು ವೀರನಾಗಿ ಬಂದ ಆಸ್ಟಿನ್ ಸೇಂಟ್ ಜಾನ್ ಸಮರ ಕಲೆ ಕಲಿತವರು. ಕಪ್ಪು ವೀರ ವಾಲ್ಟರ್ ಜೋನ್ಸ್ ನೃತ್ಯಗಾರ, ಪಾತ್ರದ ಹೊಡೆದಾಟಕ್ಕೂ ಕುಣಿತವನ್ನೇ ಬೆರೆಸಿದರು. ಗುಲಾಬಿಯ ಏಮಿ ಜೋ ಜಾನ್ಸನ್ ಮತ್ತು ನೀಲಿಯ ಡೇವಿಡ್ ಯೋಸ್ಟ್ ಇಬ್ಬರೂ ಜಿಮ್ನಾಸ್ಟಿಕ್ಸ್ ಬಲ್ಲವರು. ಹಳದಿ ಪಾತ್ರವನ್ನು ಮಾದರಿ ಕಂತಿನಲ್ಲಿ ಬೇರೊಬ್ಬ ನಟಿ ಮಾಡಿದ್ದರು. ಆಮೇಲೆ ಅದು ತುಯ್ ಟ್ರ್ಯಾಂಗ್ ಪಾಲಿಗೆ ಬಂತು. ಆಕೆ 1973ರಲ್ಲಿ ವಿಯೆಟ್ನಾಮಿನ ಸೈಗಾನ್‌ನಲ್ಲಿ ಹುಟ್ಟಿ, ನಿರಾಶ್ರಿತ ಕುಟುಂಬದೊಡನೆ ಅಮೆರಿಕಕ್ಕೆ ಬಂದವರು.

ಕಪ್ಪು ವರ್ಣೀಯನಿಗೆ ಕಪ್ಪು ಉಡುಪು, ಏಷ್ಯಾ ಮೂಲದವಳಿಗೆ ಹಳದಿ ಉಡುಪು! ಇದು ಬೇಕೆಂದೇ ಮಾಡಿದ್ದಲ್ಲ ಎಂದು ತಂಡದವರು ಹೇಳುತ್ತ ಬಂದಿದ್ದಾರೆ. ಇರಬಹುದು. ಆದರೆ ಅಷ್ಟೊಂದು ಜನ ಕೂತು ನೋಡಿದರೂ ಯಾರಿಗೂ ಅದು ಕಣ್ಣಿಗೆ ಬೀಳಲಿಲ್ಲವೆಂದರೆ, ಆ ಕೋಣೆಯಲ್ಲಿ ಕೂತವರ ಬಗ್ಗೆ ಅದೇ ಒಂದು ಸುದ್ದಿ. ಇನ್ನೊಂದು ಕಡೆಯಿಂದ ನೋಡಿದರೆ, ಬೇರೆ ಬೇರೆ ಮೂಲದ ಮಕ್ಕಳನ್ನು ಸರಿಸಮಾನ ವೀರರಾಗಿ ನಿಲ್ಲಿಸಿದ ಮಕ್ಕಳ ಧಾರಾವಾಹಿ ಆ ಕಾಲದ ಅಮೆರಿಕದಲ್ಲಿ ಅಪರೂಪವೇ.

1994ರ ಜಗಳ

ಹಾಲಿವುಡ್‌ನಲ್ಲಿ ನಟರ ಸಂಘ ಗಟ್ಟಿಯಾದದ್ದು. ಸಂಘದ ಒಪ್ಪಂದದಡಿ ಕೆಲಸ ಮಾಡಿದ ನಟರಿಗೆ ಕನಿಷ್ಠ ಸಂಭಾವನೆ ಉಂಟು, ಮರುಪ್ರಸಾರವಾದಾಗಲೂ ಪಾಲು ಉಂಟು. ಈ ಧಾರಾವಾಹಿ ಸಂಘದ ಹೊರಗೆ ತಯಾರಾದದ್ದು. ಹೊಸ ಹುಡುಗ ಹುಡುಗಿಯರು ಸಿಕ್ಕಿದ್ದೇ ಪುಣ್ಯವೆಂದು ಕರಾರಿಗೆ ರುಜು ಹಾಕಿದರು. ಒಂದು ವರ್ಷ ಕಳೆಯುವುದರೊಳಗೆ ಅವರ ಮುಖ ಮಕ್ಕಳ ಊಟದ ಡಬ್ಬಿ, ಚೀಲ, ಅಂಗಿಗಳ ಮೇಲೆಲ್ಲ ಬಂತು. ಸಂಬಳ ಮಾತ್ರ ಇದ್ದಲ್ಲೇ ಇತ್ತು. ಹೋಟೆಲಿನಲ್ಲಿ ತಿಂಡಿ ಕಟ್ಟಿಕೊಡುವ ಕೆಲಸ ಮಾಡಿದ್ದರೂ ಅಷ್ಟೇ ದುಡಿಯುತ್ತಿದ್ದೆ ಎಂಬ ಅರ್ಥದ ಮಾತನ್ನು ಸೇಂಟ್ ಜಾನ್ ಮುಂದೆ ಆಡಿದ್ದಾರೆ.

ಎರಡನೆಯ ವರ್ಷದ ನಡುವೆ ಸೇಂಟ್ ಜಾನ್, ಜೋನ್ಸ್, ಟ್ರ್ಯಾಂಗ್ ಮೂವರೂ ಹೆಚ್ಚು ಸಂಭಾವನೆ ಕೇಳಿದರು. ಒಪ್ಪಂದ ಕುದುರಲಿಲ್ಲ, ಮೂವರೂ ಹೊರಗೆ ನಡೆದರು. ಧಾರಾವಾಹಿಯ ಐವರಲ್ಲಿ ಮೂವರು ಏಕಕಾಲಕ್ಕೆ ಹೋದರೆ ಏನಾಗಬೇಕು? ಚಿತ್ರೀಕರಣ ನಿಲ್ಲಬೇಕು, ತಯಾರಕರು ಮಾತುಕತೆಗೆ ಕೂರಬೇಕು. ಇಲ್ಲಿ ಏನೂ ಆಗಲಿಲ್ಲ. ಕೆಲವು ಕಂತುಗಳಲ್ಲಿ ಹಳೆಯ ದೃಶ್ಯಗಳನ್ನೇ ತುರುಕಿದರು. ಡ್ಯೂಪ್‌ಗಳನ್ನು ಬೆನ್ನು ಹಾಕಿಸಿ ನಿಲ್ಲಿಸಿದರು, ಬೇರೆಯವರಿಂದ ದನಿ ಕೊಡಿಸಿದರು. ಹೆಲ್ಮೆಟ್ ಹಾಕಿದ ಮೇಲೆ ಹೇಗೂ ಯಾರಾದರೇನು? ನಂತರ ಮೂವರನ್ನೂ ಸ್ವಿಟ್ಜರ್‌ಲೆಂಡಿನ ಶಾಂತಿ ಸಮ್ಮೇಳನಕ್ಕೆ ಆರಿಸಿದ್ದಾರೆಂದು ಕಥೆ ಕಟ್ಟಿ ಕಳುಹಿಸಿಬಿಟ್ಟರು. ಸ್ಟೀವ್ ಕಾರ್ಡೆನಾಸ್, ಜಾನಿ ಯಂಗ್ ಬಾಷ್, ಕ್ಯಾರನ್ ಆಶ್ಲಿ ಎಂಬ ಮೂವರು ಹೊಸಬರು ಅವೇ ಉಡುಪುಗಳಿಗೆ ಬಂದರು. ಹಳಬರು ನೋಡುಗರಿಗೆ ವಿದಾಯ ಹೇಳುವ ಒಂದು ಹೊಸ ದೃಶ್ಯವೂ ಚಿತ್ರೀಕರಣವಾಗಲಿಲ್ಲ.

ಅದೇ ದಶಕದಲ್ಲಿ ನಮ್ಮಲ್ಲಿ ಬಂದ ‘ಶಕ್ತಿಮಾನ್’ ಜೊತೆ ಹೋಲಿಸಿ ನೋಡಿ. 1997ರ ಸೆಪ್ಟೆಂಬರಿನಲ್ಲಿ ದೂರದರ್ಶನದಲ್ಲಿ ಆರಂಭವಾದ ಆ ಧಾರಾವಾಹಿಯ ವೀರನಿಗೆ ಮುಖವಾಡವಿರಲಿಲ್ಲ. ಮುಖೇಶ್ ಖನ್ನಾ ಅವರೇ ನಾಯಕ, ಅವರೇ ನಿರ್ಮಾಪಕ. ನಾಯಕಿ ಗೀತಾಳ ಪಾತ್ರದಲ್ಲಿ ಕಿಟು ಗಿಡ್ವಾನಿ ಹೋಗಿ ವೈಷ್ಣವಿ ಬಂದರು, ಧಾರಾವಾಹಿ ನಡೆಯಿತು. ಆದರೆ ಖನ್ನಾ ಇಲ್ಲದ ಶಕ್ತಿಮಾನ್ ಯಾರಿಗೂ ಬೇಕಿರಲಿಲ್ಲ. ಮುಖ ಬಯಲಿನಲ್ಲಿದ್ದ ನಟನ ಕೈಯಲ್ಲಿ ಲಗಾಮಿತ್ತು. ಮುಖವಾಡದ ನಟನ ಕೈಯಲ್ಲಿ ಏನೂ ಇರಲಿಲ್ಲ.

ಆದರೂ ಮುಖವೇ ಗೆದ್ದ ಒಂದು ಸಲ

ಇಷ್ಟಾದರೂ ತಯಾರಕರ ಲೆಕ್ಕಾಚಾರ ಒಂದು ಕಡೆ ತಪ್ಪಿತು. ಆರನೆಯವನಾಗಿ ಹಸಿರು ವೀರ ಟಾಮಿ ಬಂದ. ಆ ಪಾತ್ರಕ್ಕೆ ಸಿಕ್ಕವರು ಕರಾಟೆ ಪಟು ಜೇಸನ್ ಡೇವಿಡ್ ಫ್ರಾಂಕ್. ಜಪಾನೀ ಕಥೆಯಲ್ಲಿ ಹಸಿರು ವೀರ ಕೆಂಪು ವೀರನ ಅಣ್ಣ. ನಡುವೆಯೇ ಸಾಯುತ್ತಾನೆ. ಹಾಗಾಗಿ ಅವನ ದೃಶ್ಯಗಳು ಕೊಂಚವೇ ಇದ್ದವು, ಅಮೆರಿಕದಲ್ಲೂ ಅವನನ್ನು ಬೇಗ ಮುಗಿಸುವ ಯೋಚನೆ ಇತ್ತು. ಮಕ್ಕಳು ಒಪ್ಪಲಿಲ್ಲ. ಅವರಿಗೆ ಬೇಕಾಗಿದ್ದದ್ದು ಹಸಿರು ಉಡುಪಲ್ಲ, ಟಾಮಿ.

ಕೊನೆಗೆ ಅವನನ್ನು ಬಿಳಿ ವೀರನಾಗಿ ತಂದರು. ಆ ಬಿಳಿ ಉಡುಪು ಬಂದದ್ದು ‘ಡೈರೇಂಜರ್’ ಎಂಬ ಮುಂದಿನ ವರ್ಷದ ಜಪಾನೀ ಧಾರಾವಾಹಿಯಿಂದ. ಅಲ್ಲಿ ಅದನ್ನು ತೊಡುವವನು ಒಬ್ಬ ಪುಟ್ಟ ಹುಡುಗ! ಉಳಿದವರಿಗೆ ಮಕ್ಕಳು ಗುರುತು ಹಿಡಿದ ಹಳೆಯ ಉಡುಪುಗಳನ್ನೇ ಉಳಿಸಿದರು. ಇದರಿಂದ ಹೊಸ ಜಪಾನೀ ಹೊಡೆದಾಟಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರದಾದವು. ಹಾಗಾಗಿ ಸಬಾನ್‌ಗಾಗಿಯೇ ಟೊಯೇಯ್ ಹಳೆಯ ಉಡುಪಿನಲ್ಲಿ ಹೊಸ ಹೊಡೆದಾಟಗಳನ್ನು ಚಿತ್ರಿಸಿ ಕೊಟ್ಟಿತು. ಅವು ಮುಗಿದ ಮೇಲೆ ಅಮೆರಿಕದಲ್ಲೇ ಹೆಚ್ಚು ಚಿತ್ರಿಸಬೇಕಾಯಿತು. ಅಗ್ಗವೆಂದು ಹಿಡಿದ ದಾರಿ ದುಬಾರಿಯಾಗತೊಡಗಿತು. ಮೂರು ವರ್ಷ ಕಳೆದು 145 ಕಂತುಗಳಾದ ಮೇಲೆ ಜಪಾನಿನಂತೆ ಇಲ್ಲೂ ಉಡುಪು ಬದಲಿಸುವ ಪದ್ಧತಿಗೆ ಬಂದರು.

ದೂರುಗಳು ಮತ್ತು ಒಂದು ವಿಪರ್ಯಾಸ

ಹೊಡೆದಾಟ ಅತಿಯಾಯಿತೆಂಬ ದೂರು ಎಲ್ಲ ಕಡೆ ಎದ್ದಿತು. 1994ರಲ್ಲಿ ಕೆನಡಾದಲ್ಲಿ ಪ್ರಸಾರ ಮಾನದಂಡ ಮಂಡಳಿ ಆಕ್ಷೇಪಿಸಿದ ಮೇಲೆ ವಾಹಿನಿ ಅದನ್ನು ಕೈಬಿಟ್ಟಿತು. ನ್ಯೂಜಿಲೆಂಡಿನಲ್ಲೂ ಅದೇ ವರ್ಷ ಪ್ರಸಾರ ನಿಂತಿತು. ವಿಪರ್ಯಾಸವೆಂದರೆ, 2001ರಲ್ಲಿ ಡಿಸ್ನಿ ಕೈಗೆ ಹೋದ ಈ ಸರಣಿಯ ಚಿತ್ರೀಕರಣ 2003ರ ಭಾಗದಿಂದ ಅದೇ ನ್ಯೂಜಿಲೆಂಡಿಗೆ ಸ್ಥಳಾಂತರಗೊಂಡಿತು. ಕಾರಣ ಕಡಿಮೆ ಖರ್ಚು. ಪ್ರಸಾರಕ್ಕೆ ಬಾಗಿಲು ಮುಚ್ಚಿದ ದೇಶ ತಯಾರಿಕೆಗೆ ಬಾಗಿಲು ತೆರೆದಿತ್ತು. ನಮ್ಮಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಜೆಟಿಕ್ಸ್ ಹೆಸರಿನಡಿ ಹಿಂದಿ ಮಾತಿನೊಡನೆ ಬಂದದ್ದು ಇದೇ ಸರಣಿ. ಜಪಾನೀ ಮೈ, ಇಂಗ್ಲಿಷ್ ಮುಖ, ಹಿಂದಿ ದನಿ. ಆ ವೀರನೊಳಗೆ ಇನ್ನೊಬ್ಬರು ಸೇರಿದಂತಾಯಿತು.

ಉಳಿದವರ ಕಥೆ

ಹೆಲ್ಮೆಟ್ ತೆಗೆದ ಮೇಲಿನ ಬದುಕು ಎಲ್ಲರಿಗೂ ಹೂವಿನ ಹಾಸಿಗೆಯಾಗಲಿಲ್ಲ. ನೀಲಿ ವೀರ ಡೇವಿಡ್ ಯೋಸ್ಟ್ 1996ರಲ್ಲಿ ತಂಡ ಬಿಟ್ಟರು. ತಾವು ಸಲಿಂಗಿ ಎಂಬ ಕಾರಣಕ್ಕೆ ಚಿತ್ರೀಕರಣದ ಜಾಗದಲ್ಲಿ ಮತ್ತೆ ಮತ್ತೆ ಹೀನ ಮಾತು ಕೇಳಬೇಕಾಯಿತು, ಅದಕ್ಕೇ ಬಿಟ್ಟೆ ಎಂದು 2010ರಲ್ಲಿ ಹೇಳಿದರು. ಅವರ ನಿರ್ಗಮನವನ್ನೂ ಹಳೆಯ ದೃಶ್ಯ ಮತ್ತು ಬೇರೆಯವರ ದನಿಯಿಂದಲೇ ಮುಗಿಸಿದ್ದರು. ತುಯ್ ಟ್ರ್ಯಾಂಗ್ 2001ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 27 ವರ್ಷ. ಜೇಸನ್ ಡೇವಿಡ್ ಫ್ರಾಂಕ್ 2022ರ ನವೆಂಬರಿನಲ್ಲಿ ಹೋದರು. ಧಾರಾವಾಹಿಯ ಹೆಸರು ಮಾತ್ರ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಡಿಸ್ನಿಯಿಂದ 2010ರಲ್ಲಿ ಮತ್ತೆ ಸಬಾನ್‌ಗೆ ಬಂದು, 2018ರಲ್ಲಿ ಆಟಿಕೆ ಕಂಪೆನಿ ಹ್ಯಾಸ್‌ಬ್ರೋಗೆ ಮಾರಾಟವಾದಾಗ ಅದರ ಬೆಲೆ 52 ಕೋಟಿ ಡಾಲರ್ ದಾಟಿತ್ತು.

2023ರಲ್ಲಿ ಮೂವತ್ತು ವರ್ಷ ತುಂಬಿದಾಗ ನೆಟ್‌ಫ್ಲಿಕ್ಸ್‌ನಲ್ಲಿ ಒಂದು ವಿಶೇಷ ಚಿತ್ರ ಬಂತು. ಯೋಸ್ಟ್ ಮತ್ತು ಜೋನ್ಸ್ ಮರಳಿ ನಟಿಸಿದರು. ಕಥೆ ಸುತ್ತುವುದು ಟ್ರಿನಿಯ ಮಗಳ ಸುತ್ತ. ಚಿತ್ರವನ್ನು ತುಯ್ ಟ್ರ್ಯಾಂಗ್ ಮತ್ತು ಫ್ರಾಂಕ್ ಇಬ್ಬರ ನೆನಪಿಗೆ ಅರ್ಪಿಸಿದರು. ಹಳದಿ ಉಡುಪು ಒಂದೇ, ಅದರೊಳಗೆ ಯಾರು ಬೇಕಾದರೂ ನಿಲ್ಲಬಹುದು ಎಂದು 1994ರಲ್ಲಿ ಲೆಕ್ಕ ಹಾಕಿದ ಅದೇ ಸರಣಿ, ಮೂವತ್ತನೆಯ ವರ್ಷದಲ್ಲಿ ಆ ಒಬ್ಬ ಹುಡುಗಿಯ ಗೈರುಹಾಜರಿಯನ್ನೇ ಕಥೆ ಮಾಡಬೇಕಾಯಿತು.

ಸ್ನೇಹಿತರೆ, ಈ ಧಾರಾವಾಹಿ ಕೆಟ್ಟದ್ದು, ಮಕ್ಕಳಿಗೆ ತೋರಿಸಬೇಡಿ ಎಂದು ಹೇಳಲು ನಾನು ಬಂದಿಲ್ಲ. ಕಡಿಮೆ ಖರ್ಚಿನಲ್ಲಿ ಕೆಲಸ ಮಾಡುವುದೂ ಅಪರಾಧವಲ್ಲ. ಸಬಾನ್ ಅವರ ಉಪಾಯ ಚತುರವಾದದ್ದು, ಅದರಿಂದ ಕೋಟ್ಯಂತರ ಮಕ್ಕಳಿಗೆ ಸಂತೋಷವೂ ಸಿಕ್ಕಿದೆ. ಆದರೆ ದುಡಿದವರನ್ನು ಬದಲಿಸುವುದು ಸುಲಭವಾದಷ್ಟೂ ಅವರಿಗೆ ಸಲ್ಲಬೇಕಾದದ್ದನ್ನು ಕೊಡದಿರುವುದೂ ಸುಲಭವಾಗುತ್ತದೆ. ಅಂದು ಅದಕ್ಕೆ ಹೆಲ್ಮೆಟ್ ಬೇಕಾಗಿತ್ತು. ಇಂದು ನಟನ ಮುಖ ಮತ್ತು ದನಿಯನ್ನು ಕಂಪ್ಯೂಟರೇ ಹೊಸದಾಗಿ ತಯಾರಿಸಬಲ್ಲದು. 2023ರಲ್ಲಿ ಹಾಲಿವುಡ್ ನಟರ ಸಂಘ ತಿಂಗಳುಗಟ್ಟಲೆ ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಇದೂ ಮುಖ್ಯವಾಗಿತ್ತು. ಡಬ್ಬಿಂಗ್ ಕಲಾವಿದರು, ಡ್ಯೂಪ್‌ಗಳು, ಸಹನಟರು ನಮ್ಮ ಗಾಂಧಿನಗರದಲ್ಲೂ ಇದ್ದಾರೆ. ಅವರ ಮುಂದೆ ನಾಳೆ ನಿಲ್ಲುವ ಪ್ರಶ್ನೆಯೂ ಇದೇ.

ವೇಷ ಹಾಕಿದವರನ್ನು ಕಂಡಾಗ ಮಕ್ಕಳು ‘ಒಳಗೆ ಇರುವವರು ಯಾರು?’ ಎಂದು ಕೇಳುತ್ತಾರೆ. ಗದರಿಸಿ ಸುಮ್ಮನಿರಿಸಬೇಡಿ. ಗೊತ್ತಿದ್ದರೆ ಹೆಸರು ಹೇಳಿ, ಗೊತ್ತಿಲ್ಲದಿದ್ದರೆ ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿ ಮುಗಿಯುವವರೆಗೆ ಅವರ ಜೊತೆ ಕೂತು ಓದಿ.